ಒಂಟೆಯ ಮೇಲಿರುವುದು ನಾನಲ್ಲ

ಹೇಳಲೇಬೇಕಾಗಿದ್ದ ಒಂದು ಮಾತನ್ನು ನಾನು ಹೇಳಲಿಲ್ಲ. ದೊಡ್ಡ ಮಾತೇನಲ್ಲ. "ಅದು ನಾನಲ್ಲ" ಎಂದಿದ್ದರೆ ಸಾಕಾಗಿತ್ತು.

ವಸಂತಪುರದ ನಮ್ಮ ಬೀದಿಯ ಆಂಜನೇಯನ ಗುಡಿಯ ಆಫೀಸಿನಲ್ಲಿ ಒಂದು ಫೋಟೋಗೆ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಆಸ್ಟ್ರೇಲಿಯಾದ ಕೆಂಪು ಮರಳು, ಅದರ ಮೇಲೆ ಒಂದು ಒಂಟೆ, ಒಂಟೆಯ ಮೇಲೆ ಮಂಕಿ ಕ್ಯಾಪು, ಜರ್ಕಿನ್ನು, ಕಪ್ಪು ಕನ್ನಡಕ ಹಾಕಿಕೊಂಡ ಒಬ್ಬ ಆಸಾಮಿ. ಫೋಟೋದ ಕೆಳಗೆ ಬಹಳ ದಿನ ನನ್ನ ಹೆಸರಿತ್ತು. ಆ ಆಸಾಮಿ ನನ್ನ ಅಕ್ಕ ಗೌರಮ್ಮ. ಒಂಟೆಯ ಪಕ್ಕದಲ್ಲಿ ನೆಲದ ಮೇಲೆ, ತಲೆತುಂಬ ಶಾಲು ಹೊದ್ದು, ಹೆಂಗಸರ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಿರುವವನು ನಾನು.

ಹೀಗೇಕಾಯಿತು ಎಂದು ತಿಳಿಯಬೇಕಾದರೆ ಪ್ರವಾಸವನ್ನೇ ಹೇಳಬೇಕು. ನಾನು ಓದಿದ್ದು ಏಳನೇ ಕ್ಲಾಸು. ಬರೆದು ಅಭ್ಯಾಸವಿರುವುದು "ಮನೆ ಬಾಡಿಗೆಗಿದೆ" ಎಂಬ ಬೋರ್ಡು ಮಾತ್ರ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ವಸಂತಪುರ, ಹೊರಡುವ ಮೊದಲು

ನಮ್ಮ ಆಂಜನೇಯನಿಗೆ ಒಂಟೆ ವಾಹನ. ಅಪಾರ್ಟ್‌ಮೆಂಟುಗಳಿಗೆ ಬಂದ ಹೊಸಬರು ಇದನ್ನು ಕೇಳಿ ನಗುತ್ತಾರೆ. ಸಮುದ್ರವನ್ನೇ ಹಾರಿದವನಿಗೆ ಒಂಟೆ ಯಾಕೆ ಎನ್ನುತ್ತಾರೆ. ಪೂಜಾರರನ್ನು ಕೇಳಿದರೆ ಒಂದೊಂದು ವರ್ಷ ಒಂದೊಂದು ಕಾರಣ ಹೇಳುತ್ತಾರೆ. ನಮಗೆ ಕಾರಣ ಬೇಕಾಗಿರಲಿಲ್ಲ. ಬಹಳ ಆಂಜನೇಯನ ಗುಡಿಗಳಲ್ಲಿ ಒಂಟೆ ಇದೆ, ನಮ್ಮಲ್ಲೂ ಇದೆ, ಅಷ್ಟೇ.

ನಮ್ಮ ಹಳೆಯ ಮರದ ಒಂಟೆಯನ್ನು ಕೆತ್ತಿದ ಆಚಾರಿ ಜನ್ಮದಲ್ಲಿ ಒಂಟೆ ನೋಡಿರಲಿಲ್ಲ ಎಂಬುದು ಯಾರಿಗಾದರೂ ಗೊತ್ತಾಗುತ್ತಿತ್ತು. ಮುಖ ಮೇಕೆಯದು, ಕಾಲು ಕುದುರೆಯದು, ಬಾಲ ನಮ್ಮ ಎತ್ತಿನದು. ಬೆನ್ನ ಮೇಲೆ ಡುಬ್ಬವೇ ಇರಲಿಲ್ಲ. ಸ್ವಾಮಿ ಕೂರಬೇಕಲ್ಲ ಎಂದು ಅಲ್ಲಿ ಒಂದು ಹಲಗೆ ಬಡಿದಿದ್ದರು. ಆ ವಾಹನವನ್ನು ತೊಳೆದು, ಎಣ್ಣೆ ಸವರಿ, ಕಣ್ಣಿಗೆ ಬಣ್ಣ ಬರೆಯುವ ಕೆಲಸ ನಮ್ಮ ಮನೆಯ ಹೆಣ್ಣುಮಕ್ಕಳದು. ಅಮ್ಮ ಮಾಡುತ್ತಿದ್ದಳು, ಅವಳ ನಂತರ ಅಕ್ಕ. ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳೂ ಅಕ್ಕನೇ. ಸ್ಕೂಲಿನಿಂದ ನಾನು ಓಡಿಬಂದದ್ದು ಅವಳ ತಪ್ಪಲ್ಲ.

ಒಂದು ಸಲ ತೊಳೆಯುವಾಗ ಒಂಟೆಯ ಕಿವಿ ಕಳಚಿ ಅಕ್ಕನ ಕೈಗೇ ಬಂತು. ಒಳಗೆಲ್ಲ ಗೆದ್ದಲು. ಹೊಸ ವಾಹನ ಮಾಡಿಸಬೇಕೆಂದು ತೀರ್ಮಾನವಾಯಿತು, ಜಗಳವೂ ಶುರುವಾಯಿತು. ಒಂದು ಡುಬ್ಬವೋ, ಎರಡೋ? ಎರಡು ಎಂದವರ ವಾದ ಸರಳವಾಗಿತ್ತು. ಎರಡರ ನಡುವೆ ಸ್ವಾಮಿ ಸೋಫಾದಲ್ಲಿ ಕೂತಂತೆ ಕೂರುತ್ತಾನೆ, ಬೀಳುವ ಭಯವಿಲ್ಲ. ಒಂದು ಎಂದವರು ನಮ್ಮ ದೇಶದ ಒಂಟೆಗೆ ಒಂದೇ ಎಂದರು. ಹಾಗಾದರೆ ಸ್ವಾಮಿ ಎಲ್ಲಿ ಕೂರುತ್ತಾನೆ ಎಂದು ಎರಡರವರು ಕೇಳಿದರು. ಡುಬ್ಬದ ಮುಂದೆಯೋ, ಹಿಂದೆಯೋ, ತುದಿಯ ಮೇಲೋ?

ಭಾನುವಾರಗಳಲ್ಲಿ ಜೆ.ಪಿ. ನಗರದ ಮೈದಾನಕ್ಕೆ ಮಕ್ಕಳ ಸವಾರಿಗೆಂದು ಬರುವ ಒಂಟೆಯನ್ನು ನೋಡಲು ಕಮಿಟಿಯ ಒಂದು ನಿಯೋಗ ಹೋಯಿತು. ಆ ಒಂಟೆಯ ಮೇಲೆ ಕಬ್ಬಿಣದ ಮಂಚದಂಥದ್ದನ್ನು ಕಟ್ಟಿ ಬೆಡ್‌ಶೀಟು ಹೊದಿಸಿದ್ದರು. ಕೆಳಗೆ ಏನಿದೆಯೋ ಕಾಣಲಿಲ್ಲ. ಬೆಡ್‌ಶೀಟು ಎತ್ತಿ ನೋಡಲು ಹೋದ ನಮ್ಮ ಅಧ್ಯಕ್ಷ ನಂಜುಂಡಪ್ಪನವರ ಹೆಗಲ ಟವೆಲನ್ನು ಒಂಟೆ ತಿಂದುಹಾಕಿತು. ನಿಯೋಗ ವಾಪಸಾಯಿತು.

ನನ್ನ ಮಗಳು ಶ್ವೇತಾ ಆಸ್ಟ್ರೇಲಿಯಾದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸು. ಬಂದು ಹೋಗಿ ಎಂದು ಕರೆಯುತ್ತಲೇ ಇದ್ದಳು. ಅಲ್ಲಿ ಕಾಡಿನ ತುಂಬ ಒಂಟೆಗಳಿವೆ ಎಂದು ಅವಳು ಫೋನಿನಲ್ಲಿ ಹೇಳಿದ್ದನ್ನು ನಾನು ಗುಡಿಯಲ್ಲಿ ಹೇಳಿದೆ. ಕಮಿಟಿಗೆ ಬೆಳಕು ಕಂಡಂತಾಯಿತು. ಹೇಗೂ ಹೋಗ್ತಿದೀಯ, ಒಂಟೆ ಹತ್ತಿ ಕೂತು ನೋಡಿ ಬಂದು ಹೇಳು ಎಂದರು. ಕಾಂಗರೂ ದೇಶದಲ್ಲಿ ಒಂಟೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ಅಕ್ಕನ ಲೆಕ್ಕ ಬೇರೆ ಇತ್ತು. ಕಳಚಿ ಬಂದ ಆ ಮರದ ಕಿವಿಯನ್ನು ಜೀವಂತ ಒಂಟೆಗೆ ಮುಟ್ಟಿಸಿ ತಂದು, ಹೊಸ ವಾಹನದ ಮರಕ್ಕೆ ಮೊದಲ ಅರಿಶಿನವನ್ನು ತನ್ನ ಕೈಯಲ್ಲೇ ಹಚ್ಚಬೇಕು. ಆಗ ಹಳೆಯದರ ಜೀವ ಹೊಸದಕ್ಕೆ ಬರುತ್ತದೆ. ಇದು ಯಾವ ಶಾಸ್ತ್ರದಲ್ಲೂ ಇಲ್ಲ. ಆದರೆ ಅಷ್ಟು ವರ್ಷ ತೊಳೆದವಳು ಅವಳು, ಅವಳ ಮಾತಿಗೆ ಯಾರೂ ಎದುರಾಡಲಿಲ್ಲ.

ಅಕ್ಕನಿಗೆ ಮಂಡಿನೋವು. ಹೊರಡುವ ಹಿಂದಿನ ದಿನ ನನ್ನನ್ನು ಕೂರಿಸಿಕೊಂಡು ಹೇಳಿದಳು: "ಒಂಟೆ ಮ್ಯಾಲೆ ನೀನು ನನ್ನ ಹಿಂದೆ ಕೂತು ಹಿಡ್ಕೋಬೇಕು ಕಣೋ ಮುನಿ. ನಾನೊಬ್ಳೇ ಆದ್ರೆ ಬೀಳ್ತೀನಿ."

ಹಿಡಿದುಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ.

ಡಾರ್ವಿನ್: ಒಂದು ಕಿವಿಯ ಕಥೆ

ಆಸ್ಟ್ರೇಲಿಯಾದಲ್ಲಿ ನಮ್ಮನ್ನು ಮೊದಲು ಎದುರುಗೊಂಡದ್ದು ಒಂದು ನಾಯಿ. ವಿಮಾನ ನಿಲ್ದಾಣದಲ್ಲಿ ಸಾಮಾನು ತೆಗೆದುಕೊಂಡು ನಿಂತಿದ್ದಾಗ ಅದು ಬಂದು ಅಕ್ಕನ ಬ್ಯಾಗಿನ ಪಕ್ಕ ಅಚ್ಚುಕಟ್ಟಾಗಿ ಕೂತಿತು. ಅಕ್ಕನಿಗೆ ಖುಷಿಯಾಗಿ ತಲೆ ಸವರಲು ಹೋದಳು. ನಾಯಿ ಹಿಡಿದಿದ್ದವನು ಬೇಡ ಎಂದ. ನಾಯಿ ಸುಮ್ಮನೆ ಕೂತದ್ದಲ್ಲ, ಅದು ನೌಕರಿಯಲ್ಲಿತ್ತು.

ಗ್ಲೌಸು ಹಾಕಿಕೊಂಡ ಒಬ್ಬ ಹೆಂಗಸು ಅಕ್ಕನ ಬ್ಯಾಗು ಬಿಚ್ಚಿದಳು. ಒಂಟೆಗೆಂದು ತಂದಿದ್ದ ಬೆಲ್ಲದಚ್ಚು, ನೆನೆಸಿ ಒಣಗಿಸಿದ ಕಡಲೆಕಾಳು, ಕೊಬ್ಬರಿ ಬಟ್ಟಲು ಒಂದೊಂದಾಗಿ ಮೇಜಿನ ಮೇಲೆ ಬಂದವು. ಕೊನೆಗೆ ಕೆಂಪು ರೇಷ್ಮೆ ಬಟ್ಟೆಯ ಗಂಟು. ಬಿಚ್ಚಿದರೆ ಕಿವಿ. ಹೊರಗೆ ಹಳದಿ ಬಣ್ಣ, ಒಳಗೆ ಗುಲಾಬಿ, ಅಲ್ಲಲ್ಲಿ ತೂತು.

ಇದೇನು ಎಂದು ಕೇಳಿದಳು. ನನಗೆ ಬರುವ ಇಂಗ್ಲಿಷಿನಲ್ಲಿ "ಕ್ಯಾಮೆಲ್ ಇಯರ್" ಎಂದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ತಪ್ಪು ತಿಳಿದಳೆಂದು ಗೊತ್ತಾಗಿ "ಗಾಡ್ ಕ್ಯಾಮೆಲ್" ಎಂದೆ. ಅವಳು ಇನ್ನೊಬ್ಬನನ್ನು ಕರೆದಳು. ಮರ ಎನ್ನಲು ಇಂಗ್ಲಿಷ್ ಪದ ಆ ಕ್ಷಣಕ್ಕೆ ಬಾಯಿಗೆ ಬರಲಿಲ್ಲ. ತೋರಿಸೋಣವೆಂದು ಮೇಜನ್ನು ಬೆರಳಿನಿಂದ ಕುಟ್ಟಿದೆ. ಮೇಜು ಸ್ಟೀಲಿನದು. ಆ ಇನ್ನೊಬ್ಬನೂ ಮರ್ಯಾದೆಗೆ ಮೇಜು ಕುಟ್ಟಿದ. ಕೊನೆಗೆ ಕಿವಿಯನ್ನೇ ಎತ್ತಿ ಕುಟ್ಟಿದೆ. ಪುಡಿ ಉದುರಿತು. ಆ ಪುಡಿಯೊಳಗಿಂದ ಒಂದು ಗೆದ್ದಲು ಎದ್ದು, ಇದ್ಯಾವ ಊರು ಎಂಬಂತೆ ನಡೆಯತೊಡಗಿತು.

ಅಲ್ಲಿಂದ ಮುಂದೆ ಎಷ್ಟು ಜನ ಬಂದರೋ. ಚಿಮುಟ, ಪ್ಲಾಸ್ಟಿಕ್ ಚೀಲ, ಚೀಲದ ಮೇಲೆ ಇನ್ನೊಂದು ಚೀಲ. ಅಕ್ಕ ಬೈಗುಳವನ್ನೂ ಆಡಲಿಲ್ಲ, ಅಳಲೂ ಇಲ್ಲ. ಬೆರಗಿನಿಂದ ನೋಡುತ್ತ, ಒಂದು ಹುಳಕ್ಕೆ ಇಷ್ಟು ಜನ ಕೆಲಸಕ್ಕೆ ಇದ್ದಾರೆ, ನಮ್ಮೂರಲ್ಲಿ ಇಡೀ ಮನೆ ತಿಂದರೂ ಯಾರೂ ಬರುವುದಿಲ್ಲ ಎಂದಳು. ಚೀಲಕ್ಕೆ ಸೀಲು ಹಾಕುವ ಮುಂಚೆ ಕಣ್ಣಿಗೊತ್ತಿಕೊಳ್ಳಬಹುದೇ ಎಂದು ಕನ್ನಡದಲ್ಲೇ ಕೇಳಿದಳು. ಆ ಹೆಂಗಸಿಗೆ ಅರ್ಥವಾಯಿತು. ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನ ಮುಂದೆ ಚಾಚಿದಳು, ಮಂಗಳಾರತಿ ತಟ್ಟೆ ಹಿಡಿದ ಹಾಗೆ. ಅಕ್ಕ ಒತ್ತಿಕೊಂಡಳು.

ಮುಂದಿನ ವಿಮಾನದಲ್ಲಿ ನಾನು ಸಮಾಧಾನ ಹೇಳಲು ಹೋದೆ. ಅಕ್ಕ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

"ಕಿವಿ ಹೋದ್ರೆ ಹೋಗ್ಲಿ ಬಿಡು. ಕೈ ಐತಲ್ಲ. ಈ ಕೈಲಿ ಒಂಟೆ ಮುಟ್ಟಿ, ಇದೇ ಕೈಲಿ ಅರಿಶಿನ ಹಚ್ತೀನಿ. ಕೈನ ಯಾರೂ ಕಿತ್ಕೊಳ್ಳಲ್ಲ."

ಆಲಿಸ್ ಸ್ಪ್ರಿಂಗ್ಸ್: ನೀರಿಲ್ಲದ ಹೊಳೆ

ಈ ಊರಿನ ನಡುವೆ ಒಂದು ಹೊಳೆಯಿದೆ. ಹೊಳೆಯಲ್ಲಿ ಮರಳು ಮಾತ್ರ. ಶ್ವೇತಾ ತೋರಿಸುತ್ತೇನೆಂದು ಕರೆದುಕೊಂಡು ಹೋದಾಗ ಅಕ್ಕ ಹೊಳೆಯ ಮಧ್ಯದಲ್ಲಿ ನಿಂತುಕೊಂಡೇ ಹೊಳೆ ಎಲ್ಲಿ ಎಂದು ಕೇಳಿದಳು. ಊರವರಿಗೆ ಆ ಹೊಳೆಯೆಂದರೆ ಅಭಿಮಾನ. ತಳವಿಲ್ಲದ ದೋಣಿಯೊಳಗೆ ಕಾಲಿಟ್ಟು, ದೋಣಿಯನ್ನು ಸೊಂಟಕ್ಕೆ ಹಿಡಿದು, ಮರಳಿನ ಮೇಲೆ ಓಡಿ ಪಂದ್ಯ ನಡೆಸುತ್ತಾರಂತೆ. ನಮ್ಮ ವೃಷಭಾವತಿಯಲ್ಲಿ ವರ್ಷವಿಡೀ ಹರಿವಿದೆ, ಮೂಗು ಮುಚ್ಚದೆ ಹತ್ತಿರ ಹೋಗುವಂತಿಲ್ಲ. ಯಾವುದು ಹೊಳೆ ಎಂದು ನಾನು ಹೇಳಲಾರೆ.

ದಾರಿಯಲ್ಲಿ ಎದುರಾದವರೆಲ್ಲ ಹೇಗಿದ್ದೀರಿ ಎಂದು ಕೇಳುತ್ತಾರೆ. ಕೇಳಿ, ಉತ್ತರಕ್ಕೆ ಕಾಯದೆ ಹೋಗಿಬಿಡುತ್ತಾರೆ. ಶ್ವೇತಾ ಇದರ ಅರ್ಥ ಹೇಳಿಕೊಟ್ಟ ಮೇಲೆ ಅಕ್ಕನಿಗೆ ಮೊದಲ ದಿನ ಬೇಜಾರಾಯಿತು. ಎಡ ಮಂಡಿಯ ವಿಷಯ ಮುಗಿಸಿ ಬಲ ಮಂಡಿಗೆ ಬರುವಷ್ಟರಲ್ಲಿ ಕೇಳಿದವರು ರಸ್ತೆ ದಾಟಿರುತ್ತಿದ್ದರು. ಎರಡನೇ ದಿನದಿಂದ ಅಕ್ಕನೇ ಮೊದಲು "ಚೆನ್ನಾಗಿದೀರಾ" ಎಂದು ಕೇಳಿ ಮುಂದೆ ನಡೆಯತೊಡಗಿದಳು. ಯಾರೂ ಬೇಸರಪಡಲಿಲ್ಲ.

ಹೆದ್ದಾರಿಯಲ್ಲಿ ಅಲ್ಲಲ್ಲಿ ಹಳದಿ ಬೋರ್ಡಿನ ಮೇಲೆ ಒಂಟೆಯ ಚಿತ್ರವಿತ್ತು. ನಮ್ಮ ಕಡೆ ಸ್ಕೂಲಿದೆ ಎಂದು ಬೋರ್ಡು ಹಾಕುವಂತೆ ಅಲ್ಲಿ ಒಂಟೆ ಅಡ್ಡ ಬರಬಹುದೆಂದು ಎಚ್ಚರಿಕೆ. ಪ್ರತಿ ಬೋರ್ಡು ಬಂದಾಗಲೂ ಅಕ್ಕ ಕಾರಿನೊಳಗಿಂದಲೇ ಕೈ ಮುಗಿದಳು. ಶ್ವೇತಾ ಮೊದಲು ನಕ್ಕಳು, ಆಮೇಲೆ ಬೋರ್ಡು ಬಂದಾಗಲೆಲ್ಲ ಕಾರು ನಿಧಾನ ಮಾಡಿದಳು.

ಒಂಟೆಯ ಫಾರಂ, ಚಳಿಯ ಬೆಳಿಗ್ಗೆ

ನಮಗೆ ಬಿಸಿಲುಗಾಲ ಕಳೆದು ಮಳೆ ಹಿಡಿದಿರುವಾಗ ಅಲ್ಲಿ ಚಳಿಗಾಲ. ಮರುಭೂಮಿ ಎಂದರೆ ಬಿಸಿಲು ಎಂದುಕೊಂಡು ಹೋದ ನನಗೆ ಬೆಳಿಗ್ಗೆ ಹಲ್ಲು ಕಟಕಟ ಎಂದಿತು. ಜರ್ಕಿನ್ನು, ಮಂಕಿ ಕ್ಯಾಪು ಎಲ್ಲ ಏರಿಸಿಕೊಂಡಿದ್ದೆ. ಅಕ್ಕ ಸೀರೆಯ ಮೇಲೆ ಶಾಲು ಹೊದ್ದಿದ್ದಳು.

ಫಾರಂ ನೋಡಿಕೊಳ್ಳುವವಳು ಮಾರ್ಗರೆಟ್ ಎಂಬ ಎತ್ತರದ ಹೆಂಗಸು. ಒಂದು ಮಾತು ಕೇಳಿದರೆ ಹತ್ತು ಹೇಳುವ ಪೈಕಿ. ಶ್ವೇತಾ ಎರಡನ್ನು ಕನ್ನಡಕ್ಕೆ ತಿರುಗಿಸುವುದರೊಳಗೆ ಮತ್ತೆ ಹತ್ತು ಬಂದಿರುತ್ತಿತ್ತು. ಒಂಟೆ ಇಲ್ಲಿಗೆ ಹೇಗೆ ಬಂತು ಎಂದು ಅಕ್ಕ ಕೇಳಿಸಿದಳು. ಮಾರ್ಗರೆಟ್ ಕೋಲು ತೆಗೆದುಕೊಂಡು ಕೆಂಪು ಮರಳಿನಲ್ಲಿ ಪ್ರಪಂಚವನ್ನೇ ಬರೆದಳು. ಒಂಟೆಗಳ ಬದಲು ಒಣಗಿದ ಒಂಟೆ ಹಿಕ್ಕೆಗಳನ್ನು ಕೈಗೆತ್ತಿಕೊಂಡಳು.

ಮೊದಲ ಹಿಕ್ಕೆಯನ್ನು ಅಮೆರಿಕದ ಮೇಲಿಟ್ಟಳು. ಒಂಟೆ ಹುಟ್ಟಿದ್ದೇ ಅಲ್ಲಂತೆ. ಮರಳಿನ ಪ್ರಾಣಿ ಎಂದು ನಾವು ತಿಳಿದಿರುವುದು ಹುಟ್ಟಿದ ಊರಿನಲ್ಲಿ ಹುಲ್ಲು, ಕಾಡು, ಚಳಿ ಎಲ್ಲ ಕಂಡಿತ್ತು. ಅಲ್ಲಿಂದ ಕೆಲವು ತೆಂಕಲಿಗೆ ಇಳಿದು ಡುಬ್ಬವಿಲ್ಲದ ಲಾಮಾ ಎಂಬ ಪ್ರಾಣಿಯಾದವು. ಕೆಲವು ಬಡಗಲಿಗೆ ಹೋಗಿ, ಈಗ ಸಮುದ್ರವಿರುವ ಕಡೆ ಆಗ ನೆಲವಿದ್ದುದರಿಂದ, ನಡೆದುಕೊಂಡೇ ಏಷ್ಯಾಕ್ಕೆ ಬಂದವು. ಉಳಿದವು ಅಲ್ಲೇ ಸತ್ತು ಮುಗಿದವು. ಏಷ್ಯಾದ ಚಳಿ ಸೀಮೆಯಲ್ಲಿ ಎರಡು ಡುಬ್ಬದವು, ಮಂಗೋಲಿಯಾದ ಕಡೆ ಈಗಲೂ ಒಂದಿಷ್ಟು ಯಾರ ಕೈಗೂ ಸಿಗದೆ ಕಾಡಿನಲ್ಲಿವೆ. ಅರಬ್ಬರ ಸೀಮೆಯಲ್ಲಿ ಒಂದು ಡುಬ್ಬದವು. ಅಲ್ಲಿಂದ ಕೆಲವು ಆಫ್ರಿಕಾಕ್ಕೆ, ಕೆಲವು ರಾಜಸ್ಥಾನದ ಕಡೆಗೆ. ಎಷ್ಟೋ ಕಾಲದ ಮೇಲೆ ಅಮೆರಿಕದವರು ತಮ್ಮ ಸೈನ್ಯಕ್ಕೆಂದು ಹಡಗಿನಲ್ಲಿ ಒಂಟೆಗಳನ್ನು ತರಿಸಿದರಂತೆ. ಹುಟ್ಟಿದೂರಿಗೆ ವಾಪಸು ಬಂದ ಒಂಟೆಯನ್ನು ಯಾರೂ ಗುರುತು ಹಿಡಿಯಲಿಲ್ಲ, ಕುದುರೆಗಳು ಹೆದರಿ ಓಡಿದವು.

"ಮತ್ತೆ ಇಲ್ಗೆ?" ಎಂದಳು ಅಕ್ಕ.

ಮಾರ್ಗರೆಟ್ ಕರಾಚಿಯ ಜಾಗದಿಂದ ಒಂದು ಹಿಡಿ ಹಿಕ್ಕೆಯನ್ನು ಎತ್ತಿ ಆಸ್ಟ್ರೇಲಿಯಾದ ಮೇಲೆ ಸುರಿದಳು. ಬ್ರಿಟಿಷರ ಕಾಲದಲ್ಲಿ, ಕುದುರೆ ಸಾಯುವ ಈ ಮರಳಿನಲ್ಲಿ ಸಾಮಾನು ಹೊರಲು ಒಂಟೆಗಳನ್ನು ನಮ್ಮ ಕಡೆಯಿಂದ ಹಡಗು ಹಡಗು ತಂದರು. ಜೊತೆಗೆ ನೋಡಿಕೊಳ್ಳುವವರನ್ನೂ ತಂದರು. ಬಲೂಚಿ, ಪಂಜಾಬಿ, ಸಿಂಧಿ ಎಲ್ಲರನ್ನೂ ಸೇರಿಸಿ ಆಫ್ಘನ್ನರು ಎಂದು ಒಂದೇ ಹೆಸರಿಟ್ಟು ಕೈ ತೊಳೆದುಕೊಂಡರು. ನಮ್ಮನ್ನೆಲ್ಲ ಉತ್ತರದವರು ಮದ್ರಾಸಿ ಎನ್ನುವುದಿಲ್ಲವೇ, ಹಾಗೆ. ರೈಲಿನ ಕಂಬಿ, ತಂತಿ ಕಂಬ ಎಲ್ಲ ಒಂಟೆಯ ಬೆನ್ನ ಮೇಲೇ ಬಂದವು. ಆಮೇಲೆ ಲಾರಿ ಬಂತು. ಒಂಟೆ ಬೇಡವಾಯಿತು. ಗುಂಡಿಕ್ಕಿ ಕೊಲ್ಲಿರಿ ಎಂದರೆ ಸಾಕಿದವರಿಗೆ ಮನಸ್ಸು ಬರಲಿಲ್ಲ, ಹಗ್ಗ ಬಿಚ್ಚಿ ಬಿಟ್ಟರು. ಅವು ಕಾಡು ಸೇರಿ ಸಂಸಾರ ಬೆಳೆಸಿಕೊಂಡವು. ಈಗ ನೀರಿನ ನಲ್ಲಿ ಮುರಿಯುತ್ತವೆ, ಬೇಲಿ ಕಿತ್ತುಹಾಕುತ್ತವೆ, ಸರ್ಕಾರಕ್ಕೆ ತಲೆನೋವು. ಇಲ್ಲಿಂದ ಹಿಡಿದು ಅರಬ್ಬರಿಗೇ ಮಾರುವವರೂ ಇದ್ದಾರಂತೆ.

ಅಕ್ಕ ಇದನ್ನೆಲ್ಲ ಕೂತು ಕೇಳಿ, ಸೊಂಟದ ಚೀಲದಿಂದ ಕುಂಕುಮ ತೆಗೆದು, ಮರಳಿನ ಪ್ರಪಂಚದಲ್ಲಿ ನಮ್ಮ ದೇಶವಿದ್ದ ಜಾಗಕ್ಕೆ ಒಂದು ಚಿಟಿಕೆ ಇಟ್ಟಳು. ಶ್ವೇತಾಳಿಗೆ ಹೇಳಿದಳು: "ಒಂದು ಗೆದ್ದಲು ಹುಳಕ್ಕೆ ಹಂಗೆ ಮಾಡಿದ್ರಲ್ಲ ಮಗ, ಇಷ್ಟೊಂದು ಒಂಟೆ ಇಳ್ಸುವಾಗ ಆ ನಾಯಿ ಎಲ್ಲಿ ಹೋಗಿತ್ತು ಅಂತ ಕೇಳು."

ಮಾರ್ಗರೆಟ್ ನಕ್ಕ ನಗೆಗೆ ಒಂಟೆಗಳು ತಲೆ ಎತ್ತಿದವು.

ಕಮಿಟಿಯ ಪ್ರಶ್ನೆಯನ್ನೂ ಅವಳಿಗೆ ಕೇಳಿಸಿದೆವು. ಸಹಾರಾದಲ್ಲಿ ಕೆಲವರು ಡುಬ್ಬದ ಮುಂದೆ ಕೂರುತ್ತಾರೆ, ಅರಬ್ಬರಲ್ಲಿ ಕೆಲವರು ಮೇಲೆ, ಕೆಲವರು ಹಿಂದೆ, ಕೂರಲು ಬೆನ್ನಿಗೆ ಬಿಗಿಯುವ ಜೀನು ಒಂದೊಂದು ಸೀಮೆಯಲ್ಲಿ ಒಂದೊಂದು ಥರ ಎಂದಳು. ಆಮೇಲೆ ತನ್ನ ಒಂಟೆಯ ಜೀನು ತೋರಿಸಲು ಹೋದಳು. ಅಕ್ಕ ಹತ್ತಿರ ಹೋಗಿ ನೋಡಿದಳು. ನಾನು ನೋಡಲಿಲ್ಲ, ಏಕೆಂದರೆ ಆಗಲೇ ಒಂಟೆ ನನ್ನನ್ನು ನೋಡುತ್ತಿತ್ತು.

ಅದರ ಹೆಸರು ಕೆವಿನ್. ಮೊದಲು ಹಿಂಗಾಲು ಎತ್ತಿತು. ಮನೆಯೊಂದು ಹಿಂದಿನಿಂದ ಮುಂದಕ್ಕೆ ಮಗುಚಿದ ಹಾಗಿತ್ತು. ಆಮೇಲೆ ಮುಂಗಾಲು. ನಮ್ಮ ಮೊದಲನೇ ಮಹಡಿಯ ಬಾಡಿಗೆ ಮನೆಯ ಕಿಟಕಿಯ ಎತ್ತರಕ್ಕೆ ಅದರ ತಲೆ ಹೋಯಿತು. ಬಾಯಿ ತೆರೆದು ಒಂದು ಶಬ್ದ ಮಾಡಿತು. ಬೋರ್‌ವೆಲ್ ಕೊರೆಯುವಾಗ ಕಲ್ಲು ಸಿಕ್ಕರೆ ಬರುತ್ತದಲ್ಲ, ಆ ಶಬ್ದ. ಹಳದಿ ಹಲ್ಲುಗಳ ನಡುವೆ ಹಸಿರು ನೊರೆ. ನಾನು ಶ್ವೇತಾಳ ಹಿಂದಕ್ಕೆ ಸರಿದು ನಿಂತೆ.

ಅಕ್ಕನಾದರೋ, ಮಾರ್ಗರೆಟ್ ಅದನ್ನು ಮತ್ತೆ ಕೂರಿಸಿದ ಮೇಲೆ, ಎತ್ತು ಕೊಳ್ಳುವವಳಂತೆ ಸುತ್ತ ಬಂದು, ತುಟಿ ಸರಿಸಿ ಹಲ್ಲು ನೋಡಿ, ಇನ್ನೂ ಹರೆಯದ್ದು ಎಂದಳು. ಕತ್ತಿಗೆ ಬಲಗೈ ಇಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ಕೆವಿನ್ ಬಾಯಿ ಮುಚ್ಚಿತು.

ಹತ್ತುವ ಹೊತ್ತಿಗೆ ಒಂದು ತೊಡಕು ಬಂತು. ಸೀರೆಯುಟ್ಟು ಹತ್ತುವಂತಿಲ್ಲ, ಸೆರಗು ಸಿಕ್ಕಿಕೊಂಡರೆ ಕಷ್ಟ ಎಂದಳು ಮಾರ್ಗರೆಟ್. ಶ್ವೇತಾ ತಂದಿದ್ದ ತನ್ನ ಟ್ರ್ಯಾಕ್ ಪ್ಯಾಂಟು ಅಕ್ಕನ ಮಂಡಿ ದಾಟಿ ಮೇಲಕ್ಕೆ ಬರಲಿಲ್ಲ. ಅಕ್ಕನ ಮುಖ ಬಾಡಿತು. ಆ ಕ್ಷಣ ನನಗೊಂದು ಉಪಾಯ ಹೊಳೆಯಿತು. ನನಗೂ ಅಕ್ಕನಿಗೂ ಒಂದೇ ಮೈಕಟ್ಟು.

"ನನ್ನ ಪ್ಯಾಂಟು ಹಾಕ್ಕೋ ಅಕ್ಕ" ಎಂದೆ.

"ನೀನು?"

"ನನ್ನ ಹತ್ರ ಪಂಚೆ ಐತೆ. ಪಂಚೇಲಿ ಹತ್ತಂಗಿಲ್ಲವಲ್ಲ. ನೀನೇ ಹತ್ತು. ಆಸೆ ನಿಂದು ತಾನೆ."

ಅಕ್ಕ ನನ್ನನ್ನು ಒಂದು ಥರ ನೋಡಿದಳು. ಶ್ವೇತಾ ಕಣ್ಣಲ್ಲಿ ನೀರು ತಂದುಕೊಂಡು, ನಮ್ಮಪ್ಪನ ಮನಸ್ಸು ದೊಡ್ಡದು ಎಂದು ಮಾರ್ಗರೆಟ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಟಾಯ್ಲೆಟ್ಟಿಗೆ ಹೋಗಿ ಪ್ಯಾಂಟು ಬಿಚ್ಚಿ ಪಂಚೆ ಸುತ್ತಿಕೊಂಡು ಬಂದೆ. ಬಹಳ ಹಗುರಾಯಿತು, ಪ್ಯಾಂಟಿನ ಭಾರ ಇಳಿದದ್ದಕ್ಕಲ್ಲ. ಮೇಲೆ ಗಾಳಿ ಜಾಸ್ತಿ ಎಂದು ಜರ್ಕಿನ್ನು, ಮಂಕಿ ಕ್ಯಾಪು, ಕನ್ನಡಕ ಎಲ್ಲವನ್ನೂ ಅಕ್ಕನಿಗೇ ಕೊಟ್ಟೆ. ನನಗೆ ಚಳಿಯಾಗುತ್ತದೆಂದು ಅಕ್ಕ ತನ್ನ ಶಾಲನ್ನು ನನ್ನ ತಲೆಯ ಮೇಲಿಂದ ಹೊದಿಸಿ, ತನ್ನ ಬ್ಯಾಗನ್ನು ನನ್ನ ಕೈಗಿತ್ತಳು.

ಜೀನಿನಲ್ಲಿ ಎರಡು ಸೀಟಿದ್ದವು. ಹಿಂದಿನದು ಖಾಲಿ ಹೋಯಿತು.

ಅದೇ ದಿನ, ವಾಪಸು ಬರುವ ದಾರಿ

ಕಾರಿನಲ್ಲಿ ಅಕ್ಕ ಮಾತು ನಿಲ್ಲಿಸಲಿಲ್ಲ. ಅದು ಏಳುವಾಗ ಮುಂದಕ್ಕೆ ಮುಗ್ಗರಿಸುತ್ತದೆ, ಕೂರುವಾಗಲೂ ಮುಂದಕ್ಕೇ, ಡುಬ್ಬ ಅಂದರೆ ಎಲುಬಲ್ಲ ಬರೀ ಕೊಬ್ಬು, ಮೆತ್ತಗೆ ಆಡುತ್ತದೆ, ಹೀಗೇ ಏನೇನೋ. "ಭೂಮಿ ಎಲ್ಲೀಗಂಟ ಐತೆ ಅಂತ ಕಂಡೆ ಕಣೋ ಮುನಿ" ಎಂದಳು. ಅರ್ಧ ಕೇಳಿಸಿಕೊಂಡೆ. ನಾನು ಫೋನು ನೋಡುತ್ತಿದ್ದೆ.

ಶ್ವೇತಾ ಒಂಟೆಯ ಎದುರಿನಿಂದ ಒಂದು ಫೋಟೋ ತೆಗೆದು, ಗುಡಿಯವರು ಕಾಯುತ್ತಿರುತ್ತಾರೆಂದು ನನ್ನ ಫೋನಿನಿಂದಲೇ ಗುಡಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಮೊದಲು ಅಧ್ಯಕ್ಷರ ಮೆಸೇಜು ಬಂತು. ಮುನಿರಾಜು ಒಂಟೆ ಹತ್ತಿದ, ನಮ್ಮೂರ ಹುಲಿ ಎಂದಿತ್ತು. ಅದರ ಹಿಂದೆಯೇ ಇನ್ನೊಬ್ಬರದು: ಪಾಪ ಗೌರಮ್ಮನೋರು ಹೆದರಿ ಕೆಳಗೇ ನಿಂತಿದ್ದಾರೆ, ಬ್ಯಾಗು ಹೇಗೆ ಹಿಡಿದಿದ್ದಾರೆ ನೋಡಿ. ಆಮೇಲೆ ನಗುವ ಮುಖಗಳು, ಹೆಬ್ಬೆರಳು, ಹೂವಿನ ಹಾರ. ನಮ್ಮ ಬಾಡಿಗೆಯವರೂ ಹೆಬ್ಬೆರಳು ಹಾಕಿದ್ದರು.

ನಾನು "ಅದು" ಎಂದು ಟೈಪು ಮಾಡಿದೆ. ಅಷ್ಟರಲ್ಲಿ ಮತ್ತೊಂದು ಹಾರ ಬಂತು. "ಅದು" ಅಳಿಸಿ ಕೈಮುಗಿಯುವ ಚಿತ್ರ ಕಳಿಸಿದೆ. ಊರಿಗೆ ಹೋಗಿ ಎಲ್ಲರ ಮುಂದೆ ನಗುನಗುತ್ತಾ ಹೇಳಿದರಾಯಿತು ಎಂದುಕೊಂಡೆ. ಅಕ್ಕನದು ಬಟನ್ ಫೋನು, ಅವಳಿಗೆ ಇದಾವುದೂ ಗೊತ್ತಾಗಲಿಲ್ಲ.

ಮತ್ತೆ ವಸಂತಪುರ

ನಮ್ಮ ರಸ್ತೆಯ ತಿರುವಿನಲ್ಲಿ ಫ್ಲೆಕ್ಸು ಕಟ್ಟಿದ್ದರು. "ಒಂಟೆ ಏರಿದ ಧೀರ ಮುನಿರಾಜು ಅವರಿಗೆ ಸುಸ್ವಾಗತ." ಫೋಟೋ ಆಳೆತ್ತರಕ್ಕಿತ್ತು. ಅಕ್ಕ ಟ್ಯಾಕ್ಸಿಯ ಕಿಟಕಿಯಿಂದ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನನ್ನ ಕಡೆ ತಿರುಗಲಿಲ್ಲ.

"ಆ ಪ್ಯಾಂಟು ನಿನ್ಗಿಂತ ನನ್ಗೇ ಚೆನ್ನಾಗಿ ಒಪ್ಪೈತೆ" ಎಂದಳು. ಅಷ್ಟೇ.

ಪ್ಯಾಂಟು ಹಾಕಿದ್ದು ಊರಿಗೆಲ್ಲ ಗೊತ್ತಾದರೆ ಅಕ್ಕನಿಗೇ ನಾಚಿಕೆಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಗುಡಿಯಲ್ಲಿ ಶಾಲು ಹೊದಿಸಿದರು, ಪೇಟ ಇಟ್ಟರು, ಮೈಕು ಕೊಟ್ಟರು. ವಾಹನ ಕೆತ್ತಬೇಕಾದ ಆಚಾರ್ರು ಮುಂದೆ ಬಂದು, ಎಷ್ಟು ಡುಬ್ಬ ಸ್ವಾಮಿ, ಎಲ್ಲಿ ಕೂತಿದ್ರಿ ಎಂದು ಕೇಳಿದರು. ಒಂದು ಡುಬ್ಬ ಎಂದೆ. ಅದು ನಿಜ. ಎಲ್ಲಿ ಕೂತಿದ್ದೆ? ಫೋಟೋದಲ್ಲಿ ಒಂಟೆಯ ಮುಖದ ಮೇಲುಗಡೆ ಒಂದು ಮಂಕಿ ಕ್ಯಾಪು ಕಾಣುತ್ತಿತ್ತು. ಡುಬ್ಬದ ತುದಿಯ ಮೇಲೆ ಎಂದುಬಿಟ್ಟೆ. ಸೋಫಾಕ್ಕಿಂತ ಸುಖ ಎಂದೂ ಸೇರಿಸಿದೆ. ಮೇಲೆ ಕೂತರೆ ಸ್ವಾಮಿ ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಗೂ ಕಾಣುತ್ತಾನೆ ಎಂದು ಅಧ್ಯಕ್ಷರಿಗೆ ಸಂತೋಷವಾಯಿತು.

ಹೆಂಗಸರ ಕಡೆಯಿಂದ ಅಕ್ಕನ ದನಿ ಬಂತು. "ಮ್ಯಾಲಲ್ಲ ನಂಜುಂಡಪ್ಪ. ಡುಬ್ಬದ ಮುಂದೊಂದು, ಹಿಂದೊಂದು ಸೀಟು. ತುದಿ ಮ್ಯಾಲೆ ಕೂರ್ಸಿದ್ರೆ ಎತ್ತುವಾಗ ಉರುಳ್ತದೆ."

ಅಧ್ಯಕ್ಷರು ಮೈಕನ್ನು ನನ್ನ ಕೈಯಿಂದ ತೆಗೆದುಕೊಂಡು, ಮೇಲೆ ಕೂತು ನೋಡಿದವರಿಗೂ ಕೆಳಗೆ ನಿಂತು ನೋಡಿದವರಿಗೂ ವ್ಯತ್ಯಾಸ ಇರುತ್ತೆ ಗೌರಮ್ಮನೋರೇ ಎಂದರು. ಎಲ್ಲರೂ ನಕ್ಕರು. ಅಕ್ಕ ನನ್ನನ್ನು ನೋಡಿದಳು. ನಾನು ಹೆಗಲ ಶಾಲು ಸರಿಮಾಡಿಕೊಂಡೆ.

ಅಲ್ಲಿಗೇ ಮುಗಿಯಲಿಲ್ಲ. ಕಿವಿ ಹೋಯಿತು, ಇನ್ನು ಒಂಟೆ ಮುಟ್ಟಿದ ಕೈಯೇ ಮೊದಲ ಅರಿಶಿನ ಹಚ್ಚಬೇಕು ಎಂದು ಅಕ್ಕ ಊರಿಗೆ ಫೋನಿನಲ್ಲಿ ಹೇಳಿದ್ದು ಎಲ್ಲರಿಗೂ ನೆನಪಿತ್ತು. ಮರದ ದಿಮ್ಮಿಯ ಮುಂದೆ ಅರಿಶಿನದ ಬಟ್ಟಲನ್ನು ನನ್ನ ಮುಂದೆ ಹಿಡಿದರು. ನಾನು ಒಂಟೆಯನ್ನು ಬೆರಳಿನಿಂದಲೂ ಮುಟ್ಟಿರಲಿಲ್ಲ. ಹಚ್ಚಿದೆ. ಅಕ್ಕ ತನ್ನ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು.

ಅವತ್ತಿನಿಂದ ಅಕ್ಕ ನನ್ನೊಡನೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಮುದ್ದೆಗೆ ಕರೆಯುತ್ತಿದ್ದಳು, ಮಾತ್ರೆ ತಗೊಂಡೆಯಾ ಎನ್ನುತ್ತಿದ್ದಳು. ಒಂಟೆಯ ವಿಷಯ ಮಾತ್ರ ತೆಗೆಯುತ್ತಿರಲಿಲ್ಲ. ನೋಡಿದ್ದನ್ನು ಹೇಳಿಕೊಳ್ಳುವ ಅವಳ ಸಂತೋಷವನ್ನೇ ನಾನು ಹೊತ್ತುಕೊಂಡು ಬಂದಿದ್ದೆ. ಬೀದಿಯ ಮಕ್ಕಳು ನನ್ನನ್ನು ಕೇಳುತ್ತಿದ್ದರು, ಒಂಟೆ ತಾತ, ಮೇಲಿಂದ ಏನು ಕಾಣುತ್ತೆ ಎಂದು. ಭೂಮಿ ಎಲ್ಲೀಗಂಟ ಇದೆ ಅಂತ ಕಾಣುತ್ತೆ ಎನ್ನುತ್ತಿದ್ದೆ. ಆ ಮಾತೂ ಅವಳದ್ದೇ.

ವಾಹನ ತಯಾರಾಯಿತು. ಈ ಸಲ ಒಂಟೆ ಒಂಟೆಯಂತೆಯೇ ಇತ್ತು, ಡುಬ್ಬವನ್ನು ಬಿಟ್ಟು. ಸ್ವಾಮಿ ಕೂರಲೆಂದು ಅದರ ತುದಿಯನ್ನು ಕೊಯ್ದು ಸಪಾಟು ಮಾಡಿದ್ದರು. ಒಂಟೆಯ ಬೆನ್ನ ಮೇಲೆ ಕಾಫಿ ಟೇಬಲ್ ಇಟ್ಟ ಹಾಗೆ ಕಾಣುತ್ತಿತ್ತು. ಉತ್ಸವಮೂರ್ತಿ ಏರಿಸುವ ಮುಂಚೆ ಹೊತ್ತು ನೋಡೋಣವೆಂದು ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿದೆವು. ಮೂರ್ತಿಯಷ್ಟೇ ಭಾರವೆಂದು ಯಾರದೋ ಮನೆಯ ಗ್ರೈಂಡರಿನ ಗುಂಡುಕಲ್ಲನ್ನು ತಂದು, ಮಡಿ ವಸ್ತ್ರ ಸುತ್ತಿ, ಡುಬ್ಬದ ಮೇಲೆ ಕಟ್ಟಿದರು. ಹಿಂದಿನವರು ಸ್ವಲ್ಪ ಮುಂಚೆ ಎತ್ತಿದರು, ಮುಂದಿನವರು ಸ್ವಲ್ಪ ತಡವಾಗಿ. ಕೆವಿನ್ ಎದ್ದ ಹಾಗೆಯೇ. ಗುಂಡುಕಲ್ಲು ವಸ್ತ್ರದ ಸಮೇತ ಒಂಟೆಯ ಕತ್ತಿನ ಮೇಲೆ ಜಾರುಬಂಡಿಯಾಡಿ, ಹೊಸ ಕಿವಿಯೊಂದನ್ನು ಮುರಿದು, ಅಂಗಳದ ಇಳಿಜಾರಿನಲ್ಲಿ ಉರುಳಿ, ಅಧ್ಯಕ್ಷರ ಸ್ಕೂಟರನ್ನು ಕೆಡವಿ ನಿಂತಿತು.

ಆಚಾರ್ರು, ನೀವು ಹೇಳ್ದಂಗೇ ಮಾಡಿದೀನಿ ಎಂದು ನನ್ನ ಕಡೆ ತಿರುಗಿದರು. ಹತ್ತಿದವನು ಸುಳ್ಳು ಹೇಳ್ತಾನಾ ಎಂದು ಯಾರೋ ಅವರನ್ನೇ ಗದರಿಸಿದರು. ಅಧ್ಯಕ್ಷರು ಸ್ಕೂಟರನ್ನು ಎತ್ತಿ ನಿಲ್ಲಿಸಿ, ಕನ್ನಡಿ ಒಡೆದದ್ದನ್ನು ನೋಡಿ, ಸುತ್ತ ಕಣ್ಣಾಡಿಸಿದರು. ಅವರಿಗೆ ಒಂದು ಕಾರಣ ಬೇಕಾಗಿತ್ತು. ಅಕ್ಕ ವಾಹನ ತೊಳೆಯಲೆಂದು ಬಕೆಟ್ಟು, ಬಟ್ಟೆ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದಳು.

"ಶುಭಕಾರ್ಯದ ದಿನಾನೇ ಉರುಳ್ತದೆ ಅಂತ ಬಾಯಿ ಇಟ್ರಲ್ಲ ಗೌರಮ್ಮನೋರು, ಉರುಳ್ತು ನೋಡಿ. ಇನ್ಮೇಲೆ ವಾಹನದ ಕೆಲ್ಸ ಬೇರೆ ಯಾರಾದ್ರೂ ಮಾಡ್ಲಿ. ನೀವು ಮುಟ್ಬೇಡಿ."

ಅಕ್ಕ ಬಕೆಟ್ಟು ಕೆಳಗಿಟ್ಟಳು. ಹಿಂಡಿದ ಬಟ್ಟೆಯನ್ನು ಅದರ ಅಂಚಿಗೆ ಹಾಕಿದಳು. ಅಮ್ಮನ ಕಾಲದಿಂದ ನಮ್ಮ ಮನೆಯಲ್ಲಿದ್ದ ಸೇವೆ ಹಾಗೆ ಬಕೆಟ್ಟಿನ ಜೊತೆ ನೆಲಕ್ಕೆ ಬಂತು. ಅಕ್ಕ ಕಂಬಿ ಹಿಡಿದು ಮೆಟ್ಟಿಲನ್ನು ನಿಧಾನವಾಗಿ ಇಳಿದು ಚಪ್ಪಲಿಗೆ ಕಾಲು ಹಾಕುತ್ತಿದ್ದಳು.

ಅವಳು ಒಂದೇ ಮಾತು ಅಂದಿದ್ದರೆ ಸಾಕಿತ್ತು, ನಾನು ಊರಲ್ಲಿ ತಲೆಯೆತ್ತುವಂತಿರುತ್ತಿರಲಿಲ್ಲ. ಆದರೂ ಆಡಲಿಲ್ಲ. ಅದನ್ನು ನನಗೆ ತಡೆಯಲಾಗಲಿಲ್ಲ.

"ಅಕ್ಕ, ನಿಂತ್ಕೋ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಎಲ್ಲರೂ ತಿರುಗಿದರು. ಅಕ್ಕನೂ ತಿರುಗಿದಳು, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು.

"ಒಂಟೆ ಹತ್ತಿದ್ದು ನೀನು. ಅದನ್ನ ನೋಡಿ ಹೆದರ್ಕೊಂಡು ಕೆಳಗೆ ನಿಂತಿದ್ದು ನಾನು. ನಿನಗೆ ಪ್ಯಾಂಟು ಕೊಟ್ಟಿದ್ದು ಪ್ರೀತಿಗಲ್ಲ ಅಕ್ಕ, ನಾನು ಹತ್ತೋದು ತಪ್ಪಲಿ ಅಂತ. ಹಿಂದೆ ಕೂತು ಹಿಡ್ಕೊತೀನಿ ಅಂದಿದ್ದೆ, ಹಿಡ್ಕೊಳ್ಳಲಿಲ್ಲ. ಇವರೆಲ್ಲ ನಿನ್ನ ನೋಡಿ ನಗುವಾಗ ಸುಮ್ನಿದ್ದೆ. ನಿನ್ನ ಕೈ ಹಚ್ಬೇಕಾಗಿದ್ದ ಅರಿಶಿನ ನಾನು ಹಚ್ಚಿದೆ. ತಪ್ಪಾಯ್ತು ಕಣಕ್ಕ. ಹೊಟ್ಟೆಗಾಕ್ಕೋ."